ಚೆಂಡೆ ಒಡೆಯುತ್ತದೆ, ಮಾತು ಮುಳುಗುತ್ತದೆ: ಡಿಎಸ್‌ಎಲ್‌ಆರ್‌ನಲ್ಲಿ ತಾಳಮದ್ದಳೆ ಮುದ್ರಿಸುವವರಿಗೆ

ಓದುಗರ ಪ್ರಶ್ನೆ: ನಾನು ಶಿರಸಿ ಸಮೀಪದ ಹಳ್ಳಿಯವಳು, ಪ್ರೌಢಶಾಲಾ ಶಿಕ್ಷಕಿ. ಮಳೆಗಾಲದಲ್ಲಿ ನಮ್ಮ ಕಡೆ ನಡೆಯುವ ತಾಳಮದ್ದಳೆಗಳನ್ನು ಕ್ಯಾನನ್ 200ಡಿ ಎಂಬ ಡಿಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಚಿತ್ರೀಕರಿಸಿ ಇಡುತ್ತಿದ್ದೇನೆ. ಚಿತ್ರ ಚೆನ್ನಾಗಿಯೇ ಬರುತ್ತದೆ, ಧ್ವನಿ ಮಾತ್ರ ಕೇಳುವಂತಿರುವುದಿಲ್ಲ. ಚೆಂಡೆ ಬಿದ್ದಾಗ ಒಡೆದಂತೆ ಕೇಳುತ್ತದೆ. ಪದ್ಯ ಮುಗಿದು ಅರ್ಥಧಾರಿಗಳು (ಪಾತ್ರವಹಿಸಿ ಮಾತನಾಡುವವರು) ಮಾತು ಆರಂಭಿಸಿದರೆ ಮೊದಲ ಒಂದೆರಡು ವಾಕ್ಯಗಳು ಕೇಳುವುದೇ ಇಲ್ಲ, ಆಮೇಲೆ ಮಾತಿನ ಜೊತೆಗೆ ಸೊಂಯ್ ಎಂಬ ಸದ್ದೂ ಮೇಲೇಳುತ್ತದೆ. ಜನರಿಗೆ ಅಡ್ಡವಾಗಬಾರದೆಂದು ವೇದಿಕೆಯಿಂದ ಸುಮಾರು 40 ಅಡಿ ಹಿಂದೆ ಟ್ರೈಪಾಡ್ ಇಡುತ್ತೇನೆ. ಒಬ್ಬರು ಒಂದೇ ದಿಕ್ಕಿಗೆ ಗುರಿಯಿಡುವ ಶಾಟ್‌ಗನ್ ಮೈಕ್ ಕೊಳ್ಳಿ ಎನ್ನುತ್ತಾರೆ, ಇನ್ನೊಬ್ಬರು ಕ್ಯಾಮೆರಾವನ್ನೇ ಬದಲಿಸಿ ಎನ್ನುತ್ತಾರೆ, ಮತ್ತೊಬ್ಬರು ಸಾಫ್ಟ್‌ವೇರ್‌ನಲ್ಲಿ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ನಾನು ಖರ್ಚು ಮಾಡಬಹುದಾದದ್ದು ₹15,000. ಹಿರಿಯ ಅರ್ಥಧಾರಿಗಳ ಮನೆಗೆ ಹೋಗಿ ಸಂದರ್ಶನ ಮಾಡಬೇಕೆಂಬ ಆಸೆಯೂ ಇದೆ. ಏನು ಮಾಡಲಿ? ಈಗಾಗಲೇ ಮುದ್ರಿಸಿದ್ದನ್ನು ಉಳಿಸಿಕೊಳ್ಳಬಹುದೇ?

ಉತ್ತರ: ನೀವು ಲಕ್ಷಣಗಳನ್ನು ಇಷ್ಟು ವಿವರವಾಗಿ ಬರೆದಿರುವುದರಿಂದ ನನ್ನ ಕೆಲಸ ಹಗುರಾಗಿದೆ. ನಿಮ್ಮ ಮುದ್ರಣಗಳಲ್ಲಿ ಮೂರು ದೋಷಗಳು ಒಂದರೊಳಗೊಂದು ಸೇರಿಕೊಂಡಿವೆ. ಚೆಂಡೆ ಒಡೆದಂತೆ ಕೇಳುವುದು ಒಂದು. ಚೆಂಡೆ ನಿಂತ ಮೇಲೆ ಮಾತು ಕುಗ್ಗಿಹೋಗಿ, ನಿಧಾನವಾಗಿ ಸದ್ದಿನ ಜೊತೆ ಮೇಲೇಳುವುದು ಇನ್ನೊಂದು. ನೀವು ಬರೆದಿಲ್ಲ, ಆದರೆ 40 ಅಡಿ ದೂರ ಎಂದ ಮೇಲೆ ಮೂರನೆಯದೂ ಇದ್ದೇ ಇರುತ್ತದೆ: ಗೋಡೆ, ಚಾವಣಿಗಳ ಪ್ರತಿಧ್ವನಿಯಲ್ಲಿ ಮಾತು ಕಲಸಿಹೋಗಿ ಅಕ್ಷರಗಳ ಅಂಚು ಕಳೆದುಕೊಂಡಿರುವುದು. ಮೊದಲ ಎರಡಕ್ಕೆ ಪರಿಹಾರ ನಿಮ್ಮ ಕ್ಯಾಮೆರಾದ ಮೆನುವಿನಲ್ಲೇ ಇದೆ, ಕಾಸು ಖರ್ಚಿಲ್ಲ. ಮೂರನೆಯದಕ್ಕೆ ಮಾತ್ರ ಮೈಕನ್ನು ಕ್ಯಾಮೆರಾದ ಸಹವಾಸದಿಂದ ಬಿಡಿಸಿ, ಮಾತನಾಡುವವರ ಹತ್ತಿರ ಕೊಂಡೊಯ್ಯಬೇಕು. ಕ್ಯಾಮೆರಾ ಬದಲಿಸುವ ಅಗತ್ಯ ಖಂಡಿತ ಇಲ್ಲ.

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಇರುವುದೆಲ್ಲ ಪದ್ಯ ಮತ್ತು ಮಾತು. ಆ ರಾತ್ರಿ ಆ ಇಬ್ಬರು ಅರ್ಥಧಾರಿಗಳು ಎದುರುಬದುರು ಕುಳಿತಾಗ ಹುಟ್ಟಿದ ಅರ್ಥ ಮರುವಾರ ಅದೇ ಪ್ರಸಂಗದಲ್ಲಿ, ಅದೇ ಕಲಾವಿದರ ಬಾಯಲ್ಲೂ ಹಾಗೆಯೇ ಹುಟ್ಟುವುದಿಲ್ಲ. ಚಿತ್ರ ಸ್ವಲ್ಪ ಮಂಕಾದರೂ ಆ ಮುದ್ರಣಕ್ಕೆ ಬೆಲೆ ಇರುತ್ತದೆ, ಮಾತು ಹೋದರೆ ಇರುವುದಿಲ್ಲ. ಆದ್ದರಿಂದ ನಿಮ್ಮ ₹15,000ವನ್ನು ಪೂರ್ತಿಯಾಗಿ ಧ್ವನಿಗೇ ಹಾಕಿ ಎಂದು ಮೊದಲಿಗೇ ಹೇಳಿಬಿಡುತ್ತೇನೆ.

ಈಗ ಕ್ಯಾಮೆರಾದ ಒಳಗೆ ಏನಾಗುತ್ತಿದೆ ನೋಡೋಣ. ಕೊಂಡಾಗ ಇದ್ದಂತೆಯೇ ಬಿಟ್ಟರೆ ಕ್ಯಾಮೆರಾ ಧ್ವನಿಯ ಮಟ್ಟವನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಇದನ್ನು ಆಟೋ ಗೇನ್ ಎನ್ನುತ್ತೇವೆ. ರೇಡಿಯೋದ ತಿರುಗುಣಿಯ ಮೇಲೆ ಕೈಯಿಟ್ಟು ಕುಳಿತ, ಕನ್ನಡ ಬಾರದ ಒಬ್ಬ ಮನುಷ್ಯನನ್ನು ಕಲ್ಪಿಸಿಕೊಳ್ಳಿ. ಸದ್ದು ಜೋರಾದರೆ ತಗ್ಗಿಸಬೇಕು, ಕಡಿಮೆಯಾದರೆ ಏರಿಸಬೇಕು, ಇಷ್ಟೇ ಅವನಿಗೆ ಗೊತ್ತು. ಏರುಪದ್ಯಕ್ಕೆ ಚೆಂಡೆ ಸೇರಿದ ಕೂಡಲೇ ತಗ್ಗಿಸುತ್ತಾನೆ. ಚೆಂಡೆ ನಿಂತು, ಅರ್ಥಧಾರಿ ತಗ್ಗಿದ ದನಿಯಲ್ಲಿ ಪೀಠಿಕೆ ಎತ್ತಿಕೊಂಡಾಗಲೂ ಅವನ ಕೈ ತಗ್ಗಿದಲ್ಲೇ ಇರುತ್ತದೆ, ಏಕೆಂದರೆ ತಗ್ಗಿಸುವ ಕೆಲಸ ಕ್ಷಣದಲ್ಲಿ ಆಗುತ್ತದೆ, ಏರಿಸುವುದು ನಿಧಾನ. ನೀವು ಕಳೆದುಕೊಳ್ಳುತ್ತಿರುವ ಒಂದೆರಡು ವಾಕ್ಯಗಳು ಈ ಅಂತರದಲ್ಲಿ ಹೋದವು. ಆಮೇಲೆ ಅವನು ಏರಿಸುತ್ತಾ ಹೋಗುತ್ತಾನೆ. ಅರ್ಥಧಾರಿ ಮಾತಿನ ನಡುವೆ ಬೇಕೆಂದೇ ಬಿಟ್ಟ ಮೌನವೂ ಅವನಿಗೆ ಕೊರತೆಯಾಗಿಯೇ ಕಾಣುತ್ತದೆ. ಆ ಮೌನದಲ್ಲಿ ಏರಿಸಲು ಸಿಗುವುದು ಮಳೆಯ ಸದ್ದು, ಫ್ಯಾನಿನ ಸದ್ದು, ಕ್ಯಾಮೆರಾದ ಸ್ವಂತ ವಿದ್ಯುನ್ಮಂಡಲದ ಹಿಸ್ಸು. ನೀವು ಸೊಂಯ್ ಎಂದು ಬರೆದದ್ದು ಇವೆಲ್ಲದರ ಮೊತ್ತವನ್ನು.

ಚೆಂಡೆ ಒಡೆಯುವುದಕ್ಕೆ ಕಾರಣ ಬೇರೆ. ಡಿಜಿಟಲ್ ಮುದ್ರಣದಲ್ಲಿ ಸೊನ್ನೆ ಡೆಸಿಬೆಲ್ ಎಂಬುದು ಮೇಲ್ಮಿತಿ, ಉಳಿದೆಲ್ಲ ಅದರ ಕೆಳಗೆ. ಸದ್ದು ಸೊನ್ನೆಯನ್ನು ದಾಟಿದರೆ ಅಲೆಯ ನೆತ್ತಿ ಕತ್ತರಿಸಿ ಚಪ್ಪಟೆಯಾಗುತ್ತದೆ. ಚೆಂಡೆಯ ಪೆಟ್ಟು ಎಷ್ಟು ಥಟ್ಟನೆ ಏರುತ್ತದೆಯೆಂದರೆ, ಆಟೋ ಗೇನ್ ಎಷ್ಟೇ ಚುರುಕಾಗಿದ್ದರೂ ಮೊದಲ ಪೆಟ್ಟುಗಳು ಅದರ ಕೈತಪ್ಪಿ ದಾಟಿಬಿಡುತ್ತವೆ. ಅರ್ಥಗಾರಿಕೆಯ ಮೌನದಲ್ಲಿ ಗೇನ್ ಪೂರ್ತಿ ಏರಿ ನಿಂತಿದ್ದಾಗಲೇ ಚೆಂಡೆ ಬಿದ್ದರೆ ಕೇಳುವುದೇ ಬೇಡ.

ಹಾಗಾದರೆ ಮೊದಲು ಮಾಡಬೇಕಾದದ್ದು ಆಟೋ ಗೇನನ್ನು ತೆಗೆದುಹಾಕುವುದು. ನಿಮ್ಮ 200ಡಿಯನ್ನು ವಿಡಿಯೋಗೆ ತಿರುಗಿಸಿ, ಮೆನುವಿನಲ್ಲಿ ಸೌಂಡ್ ರೆಕಾರ್ಡಿಂಗ್ ಎಂಬುದನ್ನು ಹುಡುಕಿ, ಆಟೋ ಬದಲು ಮ್ಯಾನ್ಯುಯಲ್ ಆರಿಸಿ. ಅಲ್ಲಿ ಆನ್, ಆಫ್ ಎರಡೇ ಕಾಣಿಸಿದರೆ ಗಾಬರಿಯಾಗಬೇಡಿ. ಮೇಲಿನ ಮೋಡ್ ಡಯಲ್ ಪೂರ್ಣ ಸ್ವಯಂಚಾಲಿತ ಸ್ಥಾನದಲ್ಲಿದ್ದರೆ ಧ್ವನಿಯ ಆಯ್ಕೆಗಳು ಅಡಗಿಕೊಳ್ಳುತ್ತವೆ. ಡಯಲನ್ನು ‘ಪಿ’ ಅಥವಾ ‘ಎಂ’ಗೆ ತಿರುಗಿಸಿದರೆ ಬರುತ್ತವೆ. ಮ್ಯಾನ್ಯುಯಲ್ ಸೌಲಭ್ಯವೇ ಇಲ್ಲವೆಂದುಕೊಂಡು ವರ್ಷಗಟ್ಟಲೆ ಆಟೋದಲ್ಲೇ ಮುದ್ರಿಸಿದವರನ್ನು ನಾನು ಕಂಡಿದ್ದೇನೆ. ಅದೇ ಪುಟದಲ್ಲಿ ಜೋರು ಸದ್ದನ್ನು ತಗ್ಗಿಸುವ ಅಟೆನ್ಯುಯೇಟರ್ ಎಂದಿದೆ, ಚೆಂಡೆಯಂಥ ಜೋರು ಸದ್ದಿಗೆ ಅದನ್ನೂ ಚಾಲೂ ಮಾಡಿ. ಇನ್ನು ಮಟ್ಟ ಹೊಂದಿಸುವುದು. ಪೂರ್ವರಂಗದಲ್ಲಿ ಹಿಮ್ಮೇಳ ಜೋರಾಗಿ ನುಡಿಯುವ ಹೊತ್ತಿಗೆ ಪರದೆಯ ಮಾಪಕ ನೋಡಿ. ಅತಿ ಜೋರಿನ ಪೆಟ್ಟಿಗೆ ಅದು ‘12’ರ ಗೆರೆಯನ್ನು (ಸೊನ್ನೆಗಿಂತ 12 ಡೆಸಿಬೆಲ್ ಕೆಳಗಿನದು) ಆಗಾಗ ದಾಟಬೇಕು, ಸೊನ್ನೆಯನ್ನು ಎಂದೂ ಮುಟ್ಟಬಾರದು. ಹಾಗೆ ಹೊಂದಿಸಿ ಕೈಬಿಡಿ. ಮಾತಿನ ಹೊತ್ತಿಗೆ ಮಾಪಕ ಬಹಳ ಕೆಳಗಿದೆ ಎಂದು ನಡುವೆ ಏರಿಸಲು ಹೋಗಬೇಡಿ. ಕೆಳಮಟ್ಟದ ಧ್ವನಿಯನ್ನು ಆಮೇಲೆ ಏರಿಸಿಕೊಳ್ಳಬಹುದು, ಕತ್ತರಿಸಿಹೋದ ನೆತ್ತಿಯನ್ನು ತರಲಾಗುವುದಿಲ್ಲ.

ಇಷ್ಟರಿಂದಲೇ ಏರಿಳಿತದ ಕಾಟ ನಿಲ್ಲುತ್ತದೆ. ಆದರೆ ಹಿಸ್ಸು ಪೂರ್ತಿ ಹೋಗುವುದಿಲ್ಲ. ಡಿಎಸ್‌ಎಲ್‌ಆರ್ ಹುಟ್ಟಿದ್ದು ಸ್ಥಿರಚಿತ್ರಕ್ಕಾಗಿ. ಮೊದಲು ವಿಡಿಯೋ ಬಂದ ಡಿಎಸ್‌ಎಲ್‌ಆರ್ 2008ರ ನಿಕಾನ್ ಡಿ90, ಅದರಲ್ಲಿ ಧ್ವನಿ ಬರೀ ಮೋನೋ. ಅದೇ ವರ್ಷ ಬಂದು ಸಿನಿಮಾದವರ ಕೈ ಸೇರಿದ ಕ್ಯಾನನ್ 5ಡಿ ಮಾರ್ಕ್ 2ಕ್ಕೂ ಧ್ವನಿಯ ಮಟ್ಟವನ್ನು ಕೈಯಿಂದ ಹೊಂದಿಸುವ ಸೌಲಭ್ಯ ಸಿಕ್ಕಿದ್ದು 2010ರ ಫರ್ಮ್‌ವೇರ್ (ಕ್ಯಾಮೆರಾದೊಳಗಿನ ತಂತ್ರಾಂಶ) ಪರಿಷ್ಕರಣೆಯಲ್ಲಿ. ಆಮೇಲೆ ಸುಧಾರಣೆ ಆಗಿದೆ, ಆದರೂ ಮೈಕ್‌ನ ಸಣ್ಣ ಸಂಕೇತವನ್ನು ಹಿಗ್ಗಿಸುವ ಒಳಭಾಗ ಈ ದರ್ಜೆಯ ಕ್ಯಾಮೆರಾಗಳಲ್ಲಿ ಇಂದಿಗೂ ಸಾಧಾರಣವೇ. ನಿಮ್ಮದರಲ್ಲಿ 3.5 ಮಿಲಿಮೀಟರ್ ಮೈಕ್ ಕಿಂಡಿ ಇದೆ, ಅದು ಭಾಗ್ಯ. ಕ್ಯಾನನ್ 1500ಡಿ, ನಿಕಾನ್ ಡಿ3500 ಇಟ್ಟುಕೊಂಡವರಿಗೆ ಅದೂ ಇಲ್ಲ. ಹೆಡ್‌ಫೋನ್ ಕಿಂಡಿ ಮಾತ್ರ ನಿಮ್ಮದರಲ್ಲೂ ಇಲ್ಲ. ಅಂದರೆ ಮುದ್ರಣವಾಗುತ್ತಿರುವುದನ್ನು ಆಗಲೇ ಕೇಳಲಾರಿರಿ, ಮಾಪಕವನ್ನು ನಂಬಬೇಕು. ಮಾಪಕ ಮಟ್ಟವನ್ನು ತೋರಿಸುತ್ತದೆ, ಗುಂಯ್‌ಗುಡುವಿಕೆಯನ್ನಾಗಲಿ ಸಡಿಲ ತಂತಿಯ ಕರಕರವನ್ನಾಗಲಿ ತೋರಿಸುವುದಿಲ್ಲ.

ಇನ್ನು ದೂರದ ಮಾತು. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದೇ. ಬಾಯಿಯಿಂದ ಮೈಕ್‌ಗಿರುವ ದೂರ ಎರಡುಪಟ್ಟಾದಾಗಲೆಲ್ಲ ನೇರವಾಗಿ ಬರುವ ಧ್ವನಿ 6 ಡೆಸಿಬೆಲ್ ಕುಸಿಯುತ್ತದೆ. ಒಂದು ಅಡಿಯಿಂದ 40 ಅಡಿಗೆ ಹೋದರೆ ಕುಸಿತ ಸುಮಾರು 32 ಡೆಸಿಬೆಲ್. ಸಭಾಭವನದ ಪ್ರತಿಧ್ವನಿ, ಮಳೆ, ಜನರ ಗುಸುಗುಸು ಹಾಗೆ ಕುಸಿಯುವುದಿಲ್ಲ. ಅವು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ತುಂಬಿರುತ್ತವೆ. ವೇದಿಕೆಯ ಹತ್ತಿರ ಮಾತು ಮೇಲೆ, ಗದ್ದಲ ಕೆಳಗೆ. ಹಿಂದೆ ಹಿಂದೆ ಸರಿದಂತೆ ಮಾತು ಇಳಿಯುತ್ತಾ ಗದ್ದಲದೊಳಗೆ ಮುಳುಗುತ್ತದೆ. ನೀವು ನಿಂತಲ್ಲಿಗೆ ಬರುವುದು ಧ್ವನಿವರ್ಧಕದಿಂದ ಹೊರಟು, ಚಾವಣಿಗೆ ಬಡಿದು, ಹಿಂಗೋಡೆಗೆ ತಾಗಿ ಮರಳಿದ ಮಾತು. ಮನುಷ್ಯನ ಕಿವಿ ಎರಡಿರುವುದರಿಂದ, ಹಿಂದೆ ಮಿದುಳಿರುವುದರಿಂದ, ಬೇಕಾದ್ದನ್ನು ಹೆಕ್ಕಿಕೊಂಡು ಆನಂದಿಸುತ್ತೇವೆ. ಮೈಕ್‌ಗೆ ಆ ವಿವೇಕವಿಲ್ಲ. ಅಲ್ಲೇ ಕುಳಿತು ಕೇಳಿದಾಗ ಸ್ಪಷ್ಟವಾಗಿತ್ತಲ್ಲ ಎಂದು ಆಮೇಲೆ ಎಷ್ಟೋ ಮಂದಿ ಗೊಂದಲಪಡುವುದು ಇದರಿಂದಲೇ.

ಶಾಟ್‌ಗನ್ ಮೈಕ್ ದೂರದ ಧ್ವನಿಯನ್ನು ಹತ್ತಿರಕ್ಕೆ ಎಳೆದು ತರುತ್ತದೆ ಎಂಬ ನಂಬಿಕೆಯನ್ನು ಇಲ್ಲಿ ಬಿಡಬೇಕು. ಲೆನ್ಸಿನಲ್ಲಿ ಜೂಮ್ ಇರುವಂತೆ ಮೈಕ್‌ನಲ್ಲಿ ಜೂಮ್ ಇಲ್ಲ. ಅದು ಮಾಡುವುದು ಪಕ್ಕದಿಂದ ಬರುವ ಸದ್ದನ್ನು ತಗ್ಗಿಸುವುದನ್ನು ಮಾತ್ರ, ಅದನ್ನೂ ಮುಖ್ಯವಾಗಿ ಮೇಲಿನ ಸ್ಥಾಯಿಯಲ್ಲಿ. ಬಯಲಿನಲ್ಲಿ, ನಾಲ್ಕೈದು ಅಡಿ ದೂರದಲ್ಲಿ ಅದರಿಂದ ಒಳ್ಳೆಯ ಉಪಯೋಗವಿದೆ. ಮುಚ್ಚಿದ ಸಭಾಭವನದಲ್ಲಿ 40 ಅಡಿ ಹಿಂದೆ ಇಟ್ಟರೆ, ಅದು ಗುರಿಯಿಟ್ಟ ದಿಕ್ಕಿನಿಂದಲೂ ಬರುವುದು ಪ್ರತಿಧ್ವನಿಯೇ. ದುಬಾರಿ ಮೈಕ್ ದೂರದಲ್ಲಿದ್ದರೆ ಸಾವಿರ ರೂಪಾಯಿಯ ಮೈಕ್ ಹತ್ತಿರದಿಂದ ಅದನ್ನು ಸುಲಭವಾಗಿ ಸೋಲಿಸುತ್ತದೆ. ನಿಮಗೆ ಸಲಹೆ ಕೊಟ್ಟವರು ಮದುವೆ, ಪ್ರವಾಸಗಳ ಚಿತ್ರೀಕರಣದ ಅನುಭವದಿಂದ ಹೇಳಿರಬಹುದು. ಆ ಕೆಲಸಕ್ಕೆ ಅವರ ಮಾತು ಸರಿ.

ನಿಮ್ಮ ಸಂದರ್ಭದಲ್ಲಿ ಅದೃಷ್ಟವೊಂದಿದೆ. ಅರ್ಥಧಾರಿಗಳ, ಪದ್ಯ ಹಾಡುವ ಭಾಗವತರ ಬಾಯಿಯ ಹತ್ತಿರ ಆಗಲೇ ಮೈಕುಗಳಿವೆ. ಮೈಕ್‌ಸೆಟ್ಟಿನವರು ಇಟ್ಟ ಆ ಮೈಕುಗಳಿಂದಲೇ ಧ್ವನಿ ಪಡೆದರೆ ದೂರದ ಸಮಸ್ಯೆ ಮುಕ್ಕಾಲು ಪಾಲು ಕರಗುತ್ತದೆ. ಅದಕ್ಕಾಗಿ ನನ್ನ ಸಲಹೆ, ಒಂದು ಕೈಹಿಡಿಯ ರೆಕಾರ್ಡರ್ ಕೊಳ್ಳಿ. ಜೂಮ್ ಎಚ್1ಎನ್, ಟ್ಯಾಸ್ಕಾಮ್ ಡಿಆರ್-05ಎಕ್ಸ್ ಅಥವಾ ಆ ದರ್ಜೆಯ ಯಾವುದಾದರೂ ನಿಮ್ಮ ಮೊತ್ತದೊಳಗೆ ಸಿಗುತ್ತದೆ, ತಂತಿಗಳಿಗೂ ಒಂದು ಕಾಲರ್ ಮೈಕ್‌ಗೂ ಹಣ ಉಳಿಯುತ್ತದೆ. ಇವುಗಳಲ್ಲಿ ಹೆಡ್‌ಫೋನ್ ಕಿಂಡಿ ಇರುವುದರಿಂದ ಕ್ಯಾಮೆರಾದ ಆ ಕೊರತೆಯೂ ನೀಗುತ್ತದೆ.

ರೆಕಾರ್ಡರನ್ನು ಮೈಕ್‌ಸೆಟ್ಟಿನವರ ಮಿಕ್ಸರ್‌ಗೆ, ಅಂದರೆ ಎಲ್ಲ ಮೈಕುಗಳ ಧ್ವನಿ ಕೂಡುವ ಪೆಟ್ಟಿಗೆಗೆ, ಜೋಡಿಸಬೇಕು. ಹೆಚ್ಚಿನ ಮಿಕ್ಸರ್‌ಗಳಲ್ಲಿ ರೆಕ್ ಔಟ್ ಅಥವಾ ಟೇಪ್ ಔಟ್ ಎಂದು ಕೆಂಪು, ಬಿಳಿ ಬಣ್ಣದ ಎರಡು ಕಿಂಡಿಗಳಿರುತ್ತವೆ. ಹಳೆಯ ಆಂಪ್ಲಿಫೈಯರ್ ಮಾದರಿಯದಾದರೆ ಹಿಂಬದಿಯಲ್ಲಿ ಲೈನ್ ಔಟ್ ಇದೆಯೇ ನೋಡಿ. ಅಲ್ಲಿಂದ ನಿಮ್ಮ ರೆಕಾರ್ಡರ್‌ನ ಲೈನ್ ಇನ್‌ಗೆ ತಂತಿ ಬರಬೇಕು. ಎರಡು ಎಚ್ಚರಿಕೆಗಳಿವೆ. ಮೈಕ್‌ನಿಂದ ಬರುವ ಸಂಕೇತ ವೋಲ್ಟಿನ ಸಾವಿರದ ಕೆಲವು ಅಂಶ, ರೆಕ್ ಔಟ್‌ನಿಂದ ಬರುವುದು ಸುಮಾರು ಮೂರನೇ ಒಂದು ವೋಲ್ಟ್. ಇದನ್ನು ನೇರವಾಗಿ ಕ್ಯಾಮೆರಾದ ಮೈಕ್ ಕಿಂಡಿಗೆ ಕೊಟ್ಟರೆ ಎಷ್ಟು ತಗ್ಗಿಸಿದರೂ ಒಡೆದೇ ಕೇಳುತ್ತದೆ. ಕೊಡಲೇಬೇಕಾದರೆ ನಡುವೆ ಮಟ್ಟ ತಗ್ಗಿಸುವ ಅಟೆನ್ಯುಯೇಟರ್ ತಂತಿ ಬೇಕು. ಎರಡನೆಯದು ಇನ್ನೂ ಗಂಭೀರ. ಆಂಪ್ಲಿಫೈಯರ್‌ನಿಂದ ಸ್ಪೀಕರ್‌ಗೆ ಹೋಗುವ ತಿರುಪುಗಳಿಗೆ ಏನನ್ನೂ ಜೋಡಿಸಬೇಡಿ. ಹಾರ್ನ್ ಸ್ಪೀಕರ್‌ಗಳ ಸಾಲಿನಲ್ಲಿ 100 ವೋಲ್ಟ್ ಹರಿಯುವುದುಂಟು. ರೆಕಾರ್ಡರ್ ಸುಡುತ್ತದೆ, ಕೈಗೂ ಅಪಾಯ. ಗೊತ್ತಿಲ್ಲದ ಕಿಂಡಿಯನ್ನು ಮೈಕ್‌ಸೆಟ್ಟಿನವರನ್ನು ಕೇಳಿಯೇ ಮುಟ್ಟಿ.

ಈ ದಾರಿಯಲ್ಲೂ ತೊಡಕುಗಳಿವೆ. ಮಿಕ್ಸರ್‌ನಿಂದ ಬರುವುದು ಮೈಕ್ ಇಟ್ಟದ್ದರ ಧ್ವನಿ ಮಾತ್ರ. ಚೆಂಡೆಗೆ ಸಣ್ಣ ಸಭೆಗಳಲ್ಲಿ ಮೈಕ್ ಇಡುವುದೇ ಇಲ್ಲ, ಅದರ ಸದ್ದು ಹಾಗೆಯೇ ಸಾಕು. ಹೀಗಾಗಿ ಮಿಕ್ಸರ್ ಮುದ್ರಣದಲ್ಲಿ ಭಾಗವತರ ಪದ್ಯ ದೊಡ್ಡದಾಗಿ, ಚೆಂಡೆ ಎಲ್ಲೋ ಮೂಲೆಯಲ್ಲಿ ಕೇಳುತ್ತದೆ, ಸಭೆಯ ನಗು, ಚಪ್ಪಾಳೆ ಇರುವುದೇ ಇಲ್ಲ. ಇಲ್ಲಿ ನಿಮ್ಮ ಕ್ಯಾಮೆರಾದ ಮೈಕ್ ಕೆಲಸಕ್ಕೆ ಬರುತ್ತದೆ. ಮ್ಯಾನ್ಯುಯಲ್ ಮಟ್ಟದಲ್ಲಿ ಅದು ಹಿಡಿದ ಸಭೆಯ ಧ್ವನಿಯನ್ನು ಆಮೇಲೆ ಮಿಕ್ಸರ್ ಧ್ವನಿಯ ಕೆಳಗೆ ಸ್ವಲ್ಪ ಬೆರೆಸಿದರೆ ಚೆಂಡೆಗೆ ಮೈ ಬರುತ್ತದೆ, ಸಭೆಗೆ ಜೀವ ಬರುತ್ತದೆ. ಮತ್ತೊಂದು ತೊಡಕು ಎಕೋ. ಭಾಗವತರ ಮೈಕ್‌ಗೆ ಎಕೋ ಸುರಿಯುವುದೆಂದರೆ ಕೆಲವರಿಗೆ ಬಹಳ ಪ್ರೀತಿ. ರೆಕ್ ಔಟ್‌ನಲ್ಲಿ ಅದೂ ಬೆರೆತು ಬರುತ್ತದೆ, ಆಮೇಲೆ ತೆಗೆಯಲಾಗದು. ಪೂರ್ವರಂಗಕ್ಕೆ ಮೊದಲೇ ಹೋಗಿ, ಅರ್ಥಧಾರಿಗಳ ಮೈಕ್‌ಗಾದರೂ ಎಕೋ ಬೇಡವೆಂದು ವಿನಯದಿಂದ ಕೇಳಿಕೊಳ್ಳಿ. ಮುದ್ರಿಸಿ ಉಳಿಸುವ ಉದ್ದೇಶ ತಿಳಿಸಿದರೆ ಬೇಡವೆನ್ನುವವರು ಕಡಿಮೆ. ಇನ್ನು ಗುಂಯ್ ಎಂಬ ಹಮ್. ರೆಕಾರ್ಡರನ್ನು ಗೋಡೆಯ ಕರೆಂಟಿಗೆ ಚುಚ್ಚಿದರೆ ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಗುಂಯ್‌ಗುಡುವಿಕೆ ಸೇರಿಕೊಳ್ಳುವ ಸಂಭವ ಹೆಚ್ಚು. ಬ್ಯಾಟರಿಯಲ್ಲೇ ನಡೆಸಿ. ಆಗಲೂ ಹಮ್ ಬಂದರೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇರುವ ಒಂದು ಸಣ್ಣ ಪೆಟ್ಟಿಗೆ ನಡುವೆ ಹಾಕಬೇಕಾಗುತ್ತದೆ.

ಮಿಕ್ಸರ್‌ನಿಂದ ತೆಗೆಯಲು ಒಪ್ಪದಿದ್ದರೆ, ಅಥವಾ ಧ್ವನಿವರ್ಧಕವೇ ಇಲ್ಲದ ಮನೆಯ ಕೂಟವಾದರೆ, ರೆಕಾರ್ಡರನ್ನು ಅದರ ಸ್ವಂತ ಮೈಕುಗಳೊಂದಿಗೇ ಒಂದು ಗಿಡ್ಡ ಸ್ಟ್ಯಾಂಡಿನ ಮೇಲೆ ಅರ್ಥಧಾರಿಗಳ ನಡುವೆ, ಸ್ವಲ್ಪ ಮುಂದಕ್ಕೆ ಇಡಿ. ಚೆಂಡೆಗೆ ಬೆನ್ನಾಗಿರಲಿ. ನೆಲದ ಮೇಲೆ ಇಟ್ಟರೆ ಹಲಗೆಯ ಮೂಲಕ ಪ್ರತಿ ಪೆಟ್ಟೂ ದಡ್ ಎಂದು ಏರಿ ಬರುತ್ತದೆ, ಕೆಳಗೆ ಮಡಚಿದ ದಪ್ಪ ಬಟ್ಟೆಯಾದರೂ ಬೇಕು.

ರೆಕಾರ್ಡರ್‌ನಲ್ಲಿ ವೇವ್ ಕಡತ, 24 ಬಿಟ್, 48 ಕಿಲೋಹರ್ಟ್ಸ್ ಇಡಿ. ವಿಡಿಯೋಗೆ ರೂಢಿಯಾದದ್ದು 48. ಅದನ್ನು 96ಕ್ಕೆ ಏರಿಸಿದರೆ ಧ್ವನಿ ಉತ್ತಮವಾಗುತ್ತದೆಂಬುದು ಈ ಕೆಲಸಕ್ಕೆ ಸಂಬಂಧಿಸಿದಂತೆ ಭ್ರಮೆ, ಕಾರ್ಡ್ ಬೇಗ ತುಂಬುತ್ತದೆ ಅಷ್ಟೇ. 48ರಲ್ಲಿ ಸ್ಟೀರಿಯೋ ಮುದ್ರಣಕ್ಕೆ ಗಂಟೆಗೆ ಸುಮಾರು 1 ಜಿಬಿ ಬೇಕು, ಇಡೀ ರಾತ್ರಿಗೂ 16 ಜಿಬಿಯ ಕಾರ್ಡ್ ಸಾಕು. ಮಾತು ಸುಮಾರು ಮೈನಸ್ 20 ಡೆಸಿಬೆಲ್‌ನ ಸುತ್ತ ಸುಳಿದಾಡಿ, ಪದ್ಯದ ಏರು ಮೈನಸ್ 10ರ ಹತ್ತಿರ ನಿಂತರೆ ಒಳ್ಳೆಯದು. 24 ಬಿಟ್‌ನಲ್ಲಿ ಇಷ್ಟು ತಗ್ಗಿಸಿದರೂ ಹಿಸ್ಸಿನ ಭಯವಿಲ್ಲ. ಈಚೆಗೆ ಜೂಮ್ ಎಫ್3ಯಂಥ 32 ಬಿಟ್ ಫ್ಲೋಟ್ ರೆಕಾರ್ಡರ್‌ಗಳು ಬಂದಿವೆ, ಅವುಗಳಲ್ಲಿ ಮಟ್ಟ ಹೊಂದಿಸುವ ಚಿಂತೆಯೇ ಇಲ್ಲ. ಆದರೆ ಮಿಕ್ಸರ್‌ನಲ್ಲೇ ಒಡೆದು ಬಂದ ಧ್ವನಿಯನ್ನು ಅವೂ ಕೂಡಿಸಲಾರವು. ಪ್ರಸಂಗದ ನಡುವೆ ಚಹಾಕ್ಕೆ ಬಿಡುವು ಸಿಕ್ಕಾಗ ನಿಲ್ಲಿಸಿ, ಬ್ಯಾಟರಿ ಬದಲಿಸಿ, ಹೊಸ ಕಡತ ಆರಂಭಿಸಿ. ಮುದ್ರಣದ ನಡುವೆ ಬ್ಯಾಟರಿ ಸತ್ತರೆ ತೆರೆದೇ ಇದ್ದ ಆ ಕಡತ ಓದಲಾಗದೆ ಹೋಗಬಹುದು.

ಎರಡು ಯಂತ್ರಗಳಾದ ಮೇಲೆ ಚಿತ್ರ, ಧ್ವನಿ ಹೊಂದಿಸುವುದು ಹೇಗೆಂಬ ಭಯ ಬೇಡ. ಕ್ಯಾಮೆರಾದಲ್ಲೂ ಧ್ವನಿ ಮುದ್ರಣವಾಗುತ್ತಿರುತ್ತದಲ್ಲ, ಎರಡೂ ಧ್ವನಿಯ ಅಲೆಗಳನ್ನು ಹೋಲಿಸಿ ವಿಡಿಯೋ ಸಂಕಲನದ ತಂತ್ರಾಂಶ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯೇ ಕೂಡಿಸಿಕೊಡುತ್ತದೆ. ಕೈಯಿಂದ ಹೊಂದಿಸುವುದಾದರೆ ಒಂದು ಚಪ್ಪಾಳೆ, ಇಲ್ಲವೇ ಭಾಗವತರ ಮೊದಲ ತಾಳದ ಪೆಟ್ಟು ಸಾಕು. ದೀರ್ಘ ಮುದ್ರಣದಲ್ಲಿ ಒಂದು ಸೂಕ್ಷ್ಮವಿದೆ. ಎರಡು ಯಂತ್ರಗಳ ಗಡಿಯಾರಗಳು ಕರಾರುವಾಕ್ಕಾಗಿ ಒಂದೇ ಇರುವುದಿಲ್ಲ. ಹತ್ತು ಲಕ್ಷಕ್ಕೆ 20ರಷ್ಟು ವ್ಯತ್ಯಾಸವಿದ್ದರೂ ಗಂಟೆಗೆ 72 ಮಿಲಿಸೆಕೆಂಡು, ಅಂದರೆ 25 ಫ್ರೇಮಿನ ವಿಡಿಯೋದಲ್ಲಿ ಎರಡು ಫ್ರೇಮಿನಷ್ಟು ತುಟಿ–ಮಾತು ಸರಿದಿರುತ್ತದೆ. ನಿಮ್ಮ ಕ್ಯಾಮೆರಾ 29 ನಿಮಿಷ 59 ಸೆಕೆಂಡಿಗೆ ತಾನಾಗಿ ನಿಲ್ಲುವುದರಿಂದ ಪ್ರತಿ ತುಣುಕನ್ನೂ ಹೊಸದಾಗಿ ಹೊಂದಿಸುತ್ತೀರಿ, ಹಾಗಾಗಿ ಅದು ದೊಡ್ಡ ತೊಂದರೆಯಾಗದು. ಆ ಮಿತಿ ಬಂದದ್ದು ಯಂತ್ರದ ಅಶಕ್ತಿಯಿಂದಲ್ಲ. 30 ನಿಮಿಷ ದಾಟಿ ಮುದ್ರಿಸುವ ಸಾಧನವನ್ನು ಯುರೋಪಿನ ಸುಂಕದ ನಿಯಮ ವಿಡಿಯೋ ಕ್ಯಾಮೆರಾ ಎಂದು ಎಣಿಸುತ್ತಿದ್ದುದರಿಂದ ತಯಾರಕರು ಹಾಕಿಕೊಂಡ ಗಡಿ ಅದು. ಕ್ಯಾಮೆರಾ ನಿಂತು, ನೀವು ಮತ್ತೆ ಗುಂಡಿ ಒತ್ತುವಷ್ಟರಲ್ಲಿ ವಾಲಿ ರಾಮನನ್ನು ಕೇಳಿದ ಪ್ರಶ್ನೆಯೇ ಹೋಗಿರಬಹುದು. ರೆಕಾರ್ಡರ್ ನಡೆಯುತ್ತಲೇ ಇರುವುದರಿಂದ ಮಾತು ಉಳಿಯುತ್ತದೆ, ಆ ಜಾಗಕ್ಕೆ ಸಭೆಯ ಬೇರೊಂದು ಚಿತ್ರ ಹಾಕಿಕೊಳ್ಳಬಹುದು. ಕರೆಂಟು ಹೋಗಿ ಮಿಕ್ಸರ್ ಸತ್ತ ಹೊತ್ತಿಗೆ ಕ್ಯಾಮೆರಾದ ಧ್ವನಿ ಉಳಿಸುತ್ತದೆ. ಇದಕ್ಕಾಗಿಯೇ ಕ್ಯಾಮೆರಾದ ಧ್ವನಿಯನ್ನು ಎಂದೂ ಆಫ್ ಮಾಡಬೇಡಿ.

ಮಳೆಯ ವಿಷಯ ನೀವು ಕೇಳಿಲ್ಲ, ಆದರೆ ಮಳೆಗಾಲದ ಕೂಟಗಳೆಂದ ಮೇಲೆ ಹೇಳಲೇಬೇಕು. ತಗಡಿನ ಚಾವಣಿಯ ಮೇಲೆ ಸುರಿಯುವ ಮಳೆಯ ಸದ್ದಿನಲ್ಲಿ ಎಲ್ಲ ಸ್ಥಾಯಿಗಳೂ ಇರುತ್ತವೆ. ಸ, ಶ, ಷ ಅಕ್ಷರಗಳು ವಾಸಿಸುವುದೂ ಅದರ ಮೇಲಿನ ಭಾಗದಲ್ಲೇ. ಮಳೆಯನ್ನು ಸಾಫ್ಟ್‌ವೇರ್‌ನಿಂದ ಒರೆಸಲು ಹೋದರೆ ಈ ಅಕ್ಷರಗಳೂ ಒರೆಸಿಹೋಗಿ ಮಾತು ತೊದಲಿದಂತೆ ಕೇಳುತ್ತದೆ. ಮೈಕ್ ಬಾಯಿಗೆ ಹತ್ತಿರವಿದ್ದಷ್ಟೂ ಮಳೆ ಹಿಂದೆ ಸರಿಯುತ್ತದೆ, ಬೇರೆ ಉಪಾಯ ನನಗೆ ಕಂಡಿಲ್ಲ. ಆ ತಿಂಗಳುಗಳಲ್ಲಿ ರೆಕಾರ್ಡರನ್ನೂ ಮೈಕನ್ನೂ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ. ತೇವ ಹಿಡಿದ ಮೈಕ್ ಚಟಪಟ ಎನ್ನತೊಡಗುತ್ತದೆ.

ಸಂದರ್ಶನ ಇದಕ್ಕಿಂತ ಸುಲಭ. ಬೋಯಾ ಬಿವೈ-ಎಂ1ನಂಥ ತಂತಿಯ ಕಾಲರ್ ಮೈಕ್ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ, ತಂತಿ 6 ಮೀಟರ್ ಉದ್ದವಿರುವುದರಿಂದ ನೇರ ಕ್ಯಾಮೆರಾಕ್ಕೇ ಚುಚ್ಚಬಹುದು. ಅದರ ಪುಟ್ಟ ಡಬ್ಬಿಯಲ್ಲಿ ಮೊಬೈಲ್, ಕ್ಯಾಮೆರಾ ಎಂದು ಎರಡು ಸ್ಥಾನದ ಸ್ವಿಚ್ ಇದೆ. ಕ್ಯಾಮೆರಾಕ್ಕೆ ಹಾಕಿದಾಗ ಕ್ಯಾಮೆರಾ ಕಡೆಗೇ ತಳ್ಳಬೇಕು, ಒಳಗಿನ ಎಲ್‌ಆರ್44 ಬ್ಯಾಟರಿ ಜೀವಂತವಿರಬೇಕು. ಬೇರೆ ಮೈಕ್ ಕೊಂಡರೆ ಪಿನ್ನಿನ ಮೇಲಿನ ಕಪ್ಪು ಉಂಗುರಗಳನ್ನು ಎಣಿಸಿ: ಎರಡಿದ್ದರೆ ಕ್ಯಾಮೆರಾಕ್ಕೆ, ಮೂರಿದ್ದರೆ ಅದು ಮೊಬೈಲಿನದು, ನಡುವೆ ಅಡಾಪ್ಟರ್ ಬೇಕು. ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ಅಂಗಿ ತೊಡದೆ ಶಲ್ಯ ಹೊದ್ದು ಕುಳಿತುಕೊಳ್ಳುವ ಹಿರಿಯರಾದರೆ ಕಾಲರ್ ಮೈಕ್ ಬೇಡ. ಶಲ್ಯ ಜರುಗಿದಾಗಲೆಲ್ಲ ಬಟ್ಟೆ ಉಜ್ಜುವ ಸದ್ದು ಮಾತಿಗಿಂತ ಜೋರಾಗಿ ಬರುತ್ತದೆ. ರೆಕಾರ್ಡರನ್ನೇ ಚಿತ್ರದ ಚೌಕಟ್ಟಿನ ಹೊರಗೆ, ಬಾಯಿಗೆ ಒಂದೂವರೆ ಎರಡು ಅಡಿಯೊಳಗೆ ಸಣ್ಣ ಸ್ಟ್ಯಾಂಡಿನ ಮೇಲಿಡಿ. ಫ್ಯಾನು ನಿಲ್ಲಿಸಿ, ಫ್ರಿಜ್ ಪಕ್ಕದ ಕೋಣೆಯಲ್ಲಿದ್ದರೂ ಆ ಹೊತ್ತಿಗೆ ಆರಿಸಿ, ನಿಮ್ಮ ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಮೆತ್ತೆ, ಕಂಬಳಿ, ಬಟ್ಟೆಯ ಕಪಾಟು ಇರುವ ಕೋಣೆ ಖಾಲಿ ಜಗಲಿಗಿಂತ ಚೆನ್ನಾಗಿ ಕೇಳುತ್ತದೆ. ಕವಳ ಹಾಕಿಕೊಂಡೇ ಮಾತನಾಡುವವರಾದರೆ ಬೇಡವೆನ್ನಬೇಡಿ. ಅಗಿಯುವ ಸದ್ದು ಸ್ವಲ್ಪ ಬಂದರೂ ಸರಿ, ಮಾತಿನ ಓಘ ಕಡಿಯಬಾರದು.

ಸಂದರ್ಶನಕ್ಕೆ ನಿಸ್ತಂತು ಮೈಕ್ ಬೇಡವೇ ಎಂದು ಕೇಳಬಹುದು. ಕುಳಿತ ಒಬ್ಬರ ಸಂದರ್ಶನಕ್ಕೆ ತಂತಿಯೇ ನಂಬಿಕಸ್ಥ. 2.4 ಗಿಗಾಹರ್ಟ್ಸ್‌ನಲ್ಲಿ ನಡೆಯುವ ಅಗ್ಗದ ಜೋಡಿಗಳು ಮೊಬೈಲು ಹಿಡಿದ ಜನರ ನಡುವೆ ಆಗಾಗ ಮಾತು ನುಂಗುತ್ತವೆ.

ಕೊನೆಯದಾಗಿ ನೀವು ಈಗಾಗಲೇ ಮುದ್ರಿಸಿದ್ದು. ಸಾಫ್ಟ್‌ವೇರ್ ಎಲ್ಲವನ್ನೂ ಸರಿಪಡಿಸುವುದಿಲ್ಲ, ಏನೂ ಮಾಡುವುದಿಲ್ಲವೆಂದೂ ಅಲ್ಲ. ಕುಗ್ಗಿದ ಆ ಮೊದಲ ವಾಕ್ಯಗಳನ್ನು ಉಚಿತವಾಗಿ ಸಿಗುವ ಧ್ವನಿ ಸಂಕಲನದ ತಂತ್ರಾಂಶ ಆಡಾಸಿಟಿಯಲ್ಲಿ ತೆರೆದು, ಆ ಭಾಗವನ್ನಷ್ಟೇ ಆರಿಸಿ ಏರಿಸಿದರೆ ಹೆಚ್ಚಿನವು ಕೇಳುವಂತಾಗುತ್ತವೆ. ಬೇಸರದ ಕೆಲಸ, ಆದರೆ ಫಲ ಕೊಡುತ್ತದೆ. ಒಂದೇ ಸಮನೆ ಇರುವ ಹಿಸ್ಸು, ಫ್ಯಾನಿನ ಸದ್ದುಗಳನ್ನು ಮಾತಿಲ್ಲದ ಎರಡು ಮೂರು ಸೆಕೆಂಡಿನ ಮಾದರಿ ಕೊಟ್ಟು ತಗ್ಗಿಸಬಹುದು. 6ರಿಂದ 10 ಡೆಸಿಬೆಲ್‌ಗೆ ನಿಲ್ಲಿಸಿ. ಪೂರ್ತಿ ತೆಗೆಯುವ ಆಸೆಗೆ ಬಿದ್ದರೆ ಮಾತು ನೀರಿನೊಳಗಿಂದ ಬಂದಂತಾಗುತ್ತದೆ. 80 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿದರೆ ನೆಲದ ದಡಬಡ ಹೋಗುತ್ತದೆ. ಒಡೆದ ಚೆಂಡೆಯ ಕರ್ಕಶತೆಯನ್ನು ಸ್ವಲ್ಪ ಸವರಬಹುದು, ಪ್ರತಿಧ್ವನಿಗೆ ಈಗ ಬಂದಿರುವ ಕೃತಕ ಬುದ್ಧಿಮತ್ತೆಯ ಸಾಧನಗಳು ಅಷ್ಟಿಷ್ಟು ಪರಿಹಾರ ಕೊಡುತ್ತವೆ. ಆದರೆ ಅವು ಪದ್ಯವನ್ನೂ ಮದ್ದಳೆಯನ್ನೂ ಗದ್ದಲವೆಂದು ತಿಳಿದು ಅಳಿಸಿಬಿಡುವುದುಂಟು, ಕೇಳದ ಅಕ್ಷರವನ್ನು ಬೇರೊಂದಾಗಿ ಕೇಳಿಸುವುದೂ ಉಂಟು. ಅರ್ಥಗಾರಿಕೆಯಲ್ಲಿ ಒಂದು ಅಕ್ಷರ ಬದಲಾದರೆ ವಾದವೇ ಬದಲಾಗುತ್ತದೆ. ಹೀಗಾಗಿ ಏನು ಮಾಡಿದರೂ ಪ್ರತಿಯ ಮೇಲೆ ಮಾಡಿ. ಕ್ಯಾಮೆರಾದಿಂದ ಬಂದ ಮೂಲ ಕಡತಗಳನ್ನು, ಎಷ್ಟೇ ಕೆಟ್ಟದಾಗಿ ಕೇಳಿದರೂ, ಎರಡು ಬೇರೆ ಹಾರ್ಡ್ ಡಿಸ್ಕ್‌ಗಳಲ್ಲಿ ಇಡಿ. ಪ್ರತಿ ಕಡತದ ಹೆಸರಿನಲ್ಲಿ ದಿನಾಂಕ, ಊರು, ಪ್ರಸಂಗ, ಪಾತ್ರವಹಿಸಿದವರು ಇರಲಿ. ಆ ಮಾತು ನೆನಪಿರುವ ಅರ್ಥಧಾರಿಗಳು ನಿಮ್ಮ ಸುತ್ತಲೇ ಇದ್ದಾರೆ. ಸಂದರ್ಶನಕ್ಕೆ ಹೋದಾಗ ಕೇಳದ ಆ ತುಣುಕುಗಳನ್ನು ಅವರಿಗೆ ಹೆಡ್‌ಫೋನಿನಲ್ಲಿ ಕೇಳಿಸಿ, ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ.